ಸಂತ ಪೆಟ್ಕಾಳ ಕಣ್ಣು ಕೆರೆದವರು

ಡೊಲ್ನೊ ಸ್ಲಿವ್ಯೆ ಊರಿನ ಇಗರ್ಜಿಗೆ ಬೀಗದ ಕೈ ಒಂದೇ ಇತ್ತು. ಗೇಣುದ್ದದ ಕಬ್ಬಿಣದ ಕೈ. ಅದು ಪೌನಾಳ ಅಡುಗೆಮನೆಯ ಬಾಗಿಲ ಹಿಂದೆ, ಜರಡಿ ಸೌಟುಗಳ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ರಾಜಧಾನಿ ಸ್ಕೋಪ್ಯೆಯಿಂದ ಬಂದ ಪ್ರೊಫೆಸರಾಗಲಿ, ಜರ್ಮನಿಯಿಂದ ಬಂದ ಪ್ರವಾಸಿಯಾಗಲಿ, ಸ್ವತಃ ಬಿಷಪ್ಪರೇ ಆಗಲಿ, ಆರುನೂರು ವರ್ಷದ ಭಿತ್ತಿಚಿತ್ರ ನೋಡಬೇಕಾದರೆ ಮೊದಲು ಪೌನಾಳ ಗೇಟಿನ ಮುಂದೆ ನಿಂತು ಕೂಗಬೇಕಿತ್ತು. ಅವಳು ಒಳಗೆ ಮೆಣಸಿನಕಾಯಿ ಸುಡುತ್ತಲೋ ತಂಬಾಕಿನ ಎಲೆ ಪೋಣಿಸುತ್ತಲೋ ಇರುತ್ತಿದ್ದಳು.

"ಬಂದೆ, ಬಂದೆ, ಬಡ್ಕೋಬೇಡಿ! ಆರುನೂರು ವರ್ಷ ಕಾದಿರೋ ಗೋಡೆ ಇನ್ನೊಂದು ಹತ್ತು ನಿಮಿಷ ಕಾಯತ್ತೆ" ಎಂದು ಒಳಗಿಂದಲೇ ಉತ್ತರ ಬರುತ್ತಿತ್ತು.

ಪೌನಾಗೆ ಆಗ ಅರವತ್ತನಾಲ್ಕು. ಕುಳ್ಳಗೆ, ದುಂಡಗೆ, ತಲೆಗೆ ಕಪ್ಪು ವಸ್ತ್ರ, ಏಪ್ರನ್ನಿನ ಜೇಬಿನಲ್ಲಿ ಸಿಗರೇಟು. ಗಂಡ ಎಫ್ತಿಮ್ ತೀರಿಕೊಂಡು ಎಂಟು ವರ್ಷವಾಗಿತ್ತು. ಮಗಳು ನೆವೆನ್ಕಾ ಹತ್ತಿರದ ಪಟ್ಟಣ ಬಿತೋಲಾದಲ್ಲಿ ಚಪ್ಪಲಿ ಅಂಗಡಿ ನಡೆಸುತ್ತಿದ್ದಳು, ಭಾನುವಾರಕ್ಕೊಮ್ಮೆ ಬಂದು ಅಮ್ಮನ ಸಿಗರೇಟು ಬಚ್ಚಿಟ್ಟು ಹೋಗುತ್ತಿದ್ದಳು. ಇಗರ್ಜಿಯನ್ನು ಯಾವ ರಾಜ ಕಟ್ಟಿಸಿದ, ಚಿತ್ರ ಯಾರು ಬರೆದರು ಎನ್ನುವುದು ಪೌನಾಗೆ ತಿಳಿಯದು, ತಿಳಿಯಬೇಕು ಎಂಬ ಆಸೆಯೂ ಇರಲಿಲ್ಲ. ಅವಳು ತೋರಿಸುವ ಕ್ರಮವೇ ಬೇರೆ. ಒಳಗೆ ಹೋದವರನ್ನು ನೇರ ಪಡುವಣ ಗೋಡೆಯ ಮುಂದೆ, ಕೊನೆಯ ತೀರ್ಪಿನ ಚಿತ್ರದ ಕೆಳಗೆ ನಿಲ್ಲಿಸಿ, ನರಕದ ಬೆಂಕಿಯ ಹೊಳೆಯಲ್ಲಿ ಕೊಚ್ಚಿಹೋಗುತ್ತಿದ್ದವರನ್ನು ಒಬ್ಬೊಬ್ಬರಾಗಿ ಪರಿಚಯ ಮಾಡಿಸುತ್ತಿದ್ದಳು.

"ಕುತ್ತಿಗೆಗೆ ಬೀಸೋಕಲ್ಲು ಕಟ್ಟಿದಾರಲ್ಲ, ಇವನು ಹಿಟ್ಟಿನ ಗಿರಣಿಯೋನು. ಅಳತೇಲಿ ಮೋಸ. ಆ ಮೂಗು ನೋಡಿ, ನಮ್ಮ ಕೆಳಗಿನ ಕೇರಿಯೋರ ಮೂಗು ಇವತ್ತಿಗೂ ಹಂಗೇ ಇದೆ. ಇವಳು ಪೂಜೆ ಟೈಮಲ್ಲಿ ಹಾಸಿಗೆ ಬಿಟ್ಟು ಏಳದೋಳು. ಪಕ್ಕದಲ್ಲಿ ದೆವ್ವಾನೂ ಮಲಗಿದೆ, ಪಾಪ, ಅವಳಿಗೆ ಚಳಿ ಆಗದ ಹಾಗೆ. ಈ ಗಡ್ಡದೋನು ಪಾದ್ರಿ. ಹೆಸರು ಹೇಳಲ್ಲ, ಭಾನುವಾರ ಬಂದ್ರೆ ನೀವೇ ನೋಡ್ಬಹುದು."

ನಕ್ಕವರಿಗೆ ಇನ್ನಷ್ಟು ತೋರಿಸುವಳು. ನಗದವರನ್ನು ಐದೇ ನಿಮಿಷದಲ್ಲಿ ಹೊರಗೆ ಹಾಕುವಳು.

ಬಂದವರೆಲ್ಲ ಕೇಳುವ ಒಂದು ಪ್ರಶ್ನೆ ಮಾತ್ರ ಅವಳ ಬಾಯಿ ಮುಚ್ಚಿಸುತ್ತಿತ್ತು. ಬಡಗಣ ಗೋಡೆಯ ಕೆಳಗಿನ ಸಾಲಿನಲ್ಲಿ ನಿಂತ ಸಂತರಲ್ಲಿ ಹೆಚ್ಚಿನವರಿಗೆ ಕಣ್ಣಿರಲಿಲ್ಲ. ನಿಲುವಂಗಿ, ಕೈ, ಗಡ್ಡ, ತಲೆಯ ಹಿಂದಿನ ಚಿನ್ನದ ವರ್ತುಲ, ಎಲ್ಲ ನೆಟ್ಟಗಿತ್ತು. ಕಣ್ಣಿದ್ದ ಜಾಗದಲ್ಲಿ ಮಾತ್ರ ಬಿಳಿಯ ಗಾರೆಯ ಗುಳಿಗಳು. ಊರನ್ನು ಕಾಯುವ ತಾಯಿ ಸಂತ ಪೆಟ್ಕಾಗೂ ಅದೇ ಗತಿ. ಯಾಕೆ ಹೀಗೆ ಎಂದರೆ ಶಾಲೆಯ ಪುಸ್ತಕ, ಗೈಡು, ಪಾದ್ರಿ ಎಲ್ಲರೂ ಒಂದೇ ಉತ್ತರ ಕೊಡುತ್ತಿದ್ದರು: ಹಿಂದೆ ಈ ನಾಡನ್ನು ಆಳಿದ ತುರ್ಕರು ಈಟಿಯಲ್ಲಿ ತಿವಿದರು. ಪೌನಾ ಆ ಹೊತ್ತಿಗೆ ಮೇಣದ ಬತ್ತಿಯ ತಟ್ಟೆ ಒರೆಸಲು ಹೊರಟುಬಿಡುತ್ತಿದ್ದಳು.

ಅದಕ್ಕೆ ಕಾರಣವಿತ್ತು.

ಅವಳು ಹತ್ತೊಂಬತ್ತರ ಹರೆಯದಲ್ಲಿ ಈ ಊರಿಗೆ ಸೊಸೆಯಾಗಿ ಬಂದವಳು. ಬಂದ ಮೊದಲ ಬೇಸಿಗೆಯಲ್ಲೇ ತಂಬಾಕು ಪೋಣಿಸಿದ ಅಂಟುಗೈಯಲ್ಲಿ ಕಣ್ಣುಜ್ಜಿಕೊಂಡು, ಎರಡೂ ಕಣ್ಣು ಟೊಮ್ಯಾಟೊ ಹಣ್ಣಿನ ಹಾಗೆ ಊದಿಕೊಂಡವು. ಬೀಗದ ಕೈ ಆಗ ಅತ್ತೆ ವೆಲಿಕಾಳದು. ವೆಲಿಕಾ ಸೊಸೆಯ ಕೈ ಹಿಡಿದು ಇಗರ್ಜಿಗೆ ಕರೆದೊಯ್ದಳು. ಒಂದು ಕೈಯಲ್ಲಿ ಸೊಸೆ, ಇನ್ನೊಂದು ಕೈಯಲ್ಲಿ ಹಾಲು ಕರೆಯುವ ಮಣೆ. ಮಣೆ ಹತ್ತಿ, ಮೂರು ಸಲ ಶಿಲುಬೆಯ ಗುರುತು ಹಾಕಿಕೊಂಡು, ಚಾಕುವಿನ ತುದಿಯಿಂದ ಪೆಟ್ಕಾಳ ಎಡಗಣ್ಣನ್ನು ಕರಕರ ಕೆರೆದು, ಪುಡಿಯನ್ನು ಬುಗ್ಗೆಯ ನೀರಿಗೆ ಹಾಕಿ ಕುಡಿಸಿದಳು.

ಎಫ್ತಿಮ್ ತಂಬಾಕು ಸಹಕಾರ ಸಂಘದಲ್ಲಿ ತೂಕ ಮಾಡುವವನು, ದೇವರನ್ನು ಒಪ್ಪದ ಕಮ್ಯುನಿಸ್ಟ್ ಪಾರ್ಟಿಯ ಸದಸ್ಯ ಬೇರೆ. ವಿಷಯ ತಿಳಿದು ಅವನ ಮುಖ ಬಿಳುಚಿತು.

"ಅಮ್ಮಾ, ಪಾರ್ಟಿಯೋರಿಗೆ ಗೊತ್ತಾದ್ರೆ ನನ್ನ ಗತಿ ಏನು?"

"ಪಾರ್ಟಿಯೋರಿಗೆ ಕಣ್ಣುನೋವು ಬಂದ್ರೆ ಅವರನ್ನೂ ಕಳ್ಸು. ಮೇಲಿನ ಮೂಲೇಲಿ ಸಂತ ನಿಕೊಲಾನ ಕಣ್ಣು ಇನ್ನೂ ಇದೆ" ಎಂದಳು ವೆಲಿಕಾ.

ನಾಲ್ಕು ದಿನಕ್ಕೆ ಪೌನಾಳ ಕಣ್ಣು ಸರಿಹೋಯಿತು. ತಂಬಾಕು ಮುಟ್ಟದೆ ನಾಲ್ಕು ದಿನ ಮಲಗಿದರೆ ಯಾರ ಕಣ್ಣಾದರೂ ಸರಿಹೋಗುತ್ತದೆ ಎಂಬುದು ಅವಳಿಗೆ ಆಮೇಲೆ ಹೊಳೆಯಿತು. ಅತ್ತೆಗೆ ಹೇಳಲು ಹೋಗಲಿಲ್ಲ. ಊರಲ್ಲಿ ಅಜ್ಜಿಯಂದಿರು, ಅವರ ಅಜ್ಜಿಯಂದಿರು ಎಲ್ಲರೂ ಇದೇ ಕೆಲಸ ಮಾಡಿದವರೇ ಎಂದು ಅವಳಿಗೆ ಆಗ ತಿಳಿಯಿತು. ಯಾವ ಸಂತ ಯಾರ ಮನೆಯ ಯಾವ ಕಣ್ಣಿಗೆ ಹೋದ ಎಂಬುದನ್ನು ವೆಲಿಕಾ ಬೆರಳು ಮಡಿಸಿ ಹೇಳಬಲ್ಲವಳಾಗಿದ್ದಳು.

ನಾಲ್ಕು ವರ್ಷದ ಮೇಲೆ ನೆವೆನ್ಕಾ ಹುಟ್ಟಿದಳು. ಹುಟ್ಟಿದ ವಾರಕ್ಕೆ ಮಗುವಿನ ಕಣ್ಣು ಕೀವುಗಟ್ಟಿ ಅಂಟಿಕೊಂಡಿತು. ಬಿತೋಲಾದ ಆಸ್ಪತ್ರೆಯಲ್ಲಿ ಮುಲಾಮು ಕೊಟ್ಟರು. ಪೌನಾ ಮುಲಾಮು ಹಚ್ಚಿದಳು, ಒಂದು ದಿನ ಕಾದಳು, ಎರಡು ದಿನ ಕಾದಳು. ಮೂರನೆಯ ದಿನ ಮಧ್ಯಾಹ್ನ ಊರೆಲ್ಲ ಬಿಸಿಲಿಗೆ ಹೆದರಿ ಮಲಗಿದ್ದಾಗ, ಮೆಣಸಿನಕಾಯಿ ಹೆಚ್ಚುವ ಚಾಕು ಹಿಡಿದು ತಾನೇ ಮಣೆ ಹತ್ತಿದಳು. ಪೆಟ್ಕಾಳ ಬಲಗಣ್ಣು ಅವಳನ್ನೇ ನೋಡುತ್ತಿತ್ತು. ಕಪ್ಪಗೆ, ಉದ್ದಗೆ, ತುಸು ದಣಿದ ಕಣ್ಣು. "ಹಂಗೆ ನೋಡ್ಬೇಡ ತಾಯಿ, ನಿನಗೆ ಮಕ್ಕಳಿದ್ದಿದ್ರೆ ಗೊತ್ತಾಗ್ತಿತ್ತು" ಎಂದು ಬೈದು ಕೆರೆದಳು. ಚಾಕು ಜಾರಿ ಹುಬ್ಬೂ ಸ್ವಲ್ಪ ಹೋಯಿತು.

ಮಗುವಿನ ಕಣ್ಣು ತೆರೆಯಿತು. ಮುಲಾಮಿನಿಂದಲೋ ಪೆಟ್ಕಾಳಿಂದಲೋ ಹೇಳುವವರು ಯಾರು? ಪೆಟ್ಕಾಳ ಎರಡು ಕಣ್ಣೂ ಒಂದೇ ಮನೆಯವರ ಹೊಟ್ಟೆಗೆ ಹೋದವು ಎಂಬುದು ಮಾತ್ರ ಖಂಡಿತ. ವೆಲಿಕಾ ಸಾಯುವ ಮುಂಚೆ ಬೀಗದ ಕೈಯನ್ನು ತನ್ನ ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ಸೊಸೆಯ ಕೈಗೆ ಹಾಕಿದಳು.

"ನನ್ನ ಮಕ್ಕಳಿಗೆ ದೇವರಂದ್ರೆ ಭಯ. ಭಯ ಇರೋರ ಕೈಗೆ ಕೊಟ್ರೆ ಗೋಡೇನೇ ಚೂರುಚೂರಾಗಿ ಮನೆಗೆ ಬರತ್ತೆ. ನಿನಗೆ ಆ ಕಾಯಿಲೆ ಇಲ್ಲ. ನೀನು ಇಟ್ಕೋ."

ಪೌನಾ ಇಟ್ಟುಕೊಂಡಳು. ಅಂದಿನಿಂದ ಒಬ್ಬರಿಗೂ ಒಂದು ಉಗುರು ತಾಗಿಸಲು ಬಿಡಲಿಲ್ಲ. ನಲವತ್ತು ವರ್ಷ ತುರ್ಕರ ಈಟಿಯ ಕಥೆ ಕೇಳಿಕೊಂಡು ತಟ್ಟೆ ಒರೆಸಿದಳು.

ಆ ವರ್ಷ ಈಸ್ಟರ್ ಕಳೆದು ಎರಡು ವಾರಕ್ಕೆ ಒಂದು ಬಸ್ಸು ಬಂತು. ಬಿತೋಲಾದ ಗೈಡು ಸ್ಲಾವ್ಚೊ ಕರೆತಂದಿದ್ದ. ಬಸ್ಸಿನ ತುಂಬ ಬುರ್ಸಾ ಊರಿನ ತುರ್ಕರು. ಪಾದ್ರಿ ಮೆಥೋದಿ ಕೆಳಗಿನ ಊರಿನವರು, ಭಾನುವಾರ ಬಿಟ್ಟು ಬೇರೆ ದಿನ ಈ ಕಡೆ ತಲೆ ಹಾಕದವರು. ಆದರೆ ಕ್ಯಾಮೆರಾ ಇರುವ ಕಡೆ ಅವರ ಗಡ್ಡ ತಾನಾಗಿಯೇ ಹಾಜರಾಗುತ್ತಿತ್ತು. ಅಂದೂ ಬಾಚಿಕೊಂಡು ಬಂದಿದ್ದರು.

ಕಣ್ಣಿಲ್ಲದ ಸಂತರ ಸಾಲಿಗೆ ಬಂದಾಗ ಸ್ಲಾವ್ಚೊ ಎಂದಿನ ಈಟಿಯನ್ನು ನುಂಗಿಕೊಂಡ.

"ಕೆಲವು ಚಾರಿತ್ರಿಕ ಕಾರಣಗಳಿಂದ..." ಎಂದು ಮುಂದಿನ ಕಂಬದ ಕಡೆ ಹೊರಟ.

ಗುಂಪಿನಲ್ಲಿ ನೆಜಾತಿ ಎಂಬ ಮುದುಕರಿದ್ದರು. ಪಕ್ಕದ ಕಣಿವೆಯಲ್ಲೇ ಹುಟ್ಟಿ, ಆರು ವರ್ಷದವರಿದ್ದಾಗ ಅಪ್ಪ ಅಮ್ಮನ ಜೊತೆ ತುರ್ಕಿಗೆ ಹೋದವರು. ಊರಿನ ಮಾತು ಅವರ ನಾಲಿಗೆಯಲ್ಲಿ ಆರು ವರ್ಷದ ಮಗುವಿನಷ್ಟೇ ಉಳಿದಿತ್ತು.

"ಏನು ಕಾರಣ?" ಎಂದು ಅವರು ಆ ಮಾತಿನಲ್ಲೇ ಕೇಳಿದರು.

ಸ್ಲಾವ್ಚೊ ಕೆಮ್ಮಿದ. ಪಾದ್ರಿ ಮೆಥೋದಿ ಗಡ್ಡ ನೀವಿಕೊಂಡು ಗಂಭೀರವಾಗಿ ಹೇಳಿದರು: "ನಿಮ್ಮೋರು. ಈಟೀಲಿ."

ನೆಜಾತಿ ಗೋಡೆಯ ಕಡೆ ತಿರುಗಿದರು. ಟೋಪಿ ತೆಗೆದರು. ಪೆಟ್ಕಾಳ ಮುಂದೆ ಹೋಗಿ, ನೋಯುವ ಮಂಡಿಯನ್ನು ಕಷ್ಟಪಟ್ಟು ನೆಲಕ್ಕೂರಿ, ತಲೆ ತಗ್ಗಿಸಿ, "ಅಮ್ಮಾ, ತಪ್ಪಾಯ್ತು" ಎಂದರು. ಮಗು ತಟ್ಟೆ ಒಡೆದು ಹೇಳುವ ಹಾಗೆ.

ಪೌನಾ ಆಗ ಮೇಣದ ಬತ್ತಿಯ ತಟ್ಟೆ ಒರೆಸುತ್ತಿದ್ದಳು. ಯಾರೋ ಎಪ್ಪತ್ತು ದಾಟಿದ ಮುದುಕ, ಮಂಡಿನೋವಿನವನು, ತನ್ನ ಮೆಣಸಿನಕಾಯಿ ಚಾಕು ಮಾಡಿದ್ದಕ್ಕೆ ಗೋಡೆಯ ಮುಂದೆ ಕ್ಷಮೆ ಕೇಳುತ್ತಿದ್ದಾನೆ. ಅವಳ ಕಿವಿ ಬಿಸಿಯಾಯಿತು. ಬಟ್ಟೆಯನ್ನು ಬತ್ತಿಗಳ ಮೇಲೆಯೇ ಎಸೆದು ಬಂದಳು.

"ಏಳಿ, ಏಳಿ, ಟೋಪಿ ಹಾಕ್ಕೊಳ್ಳಿ! ನಿಮ್ಮೋರಲ್ಲ ಮಾಡಿದ್ದು. ನಾವು."

"ಪೌನಾ!" ಎಂದರು ಪಾದ್ರಿ.

"ಸುಮ್ನಿರಿ ಸ್ವಾಮಿ. ನೀವು ಮೊನ್ನೆ ಬಂದೋರು. ಈ ಎಡಗಣ್ಣು ನಮ್ಮತ್ತೆ ಕೆರ್ದು ನನಗೆ ಕುಡಿಸಿದ್ದು. ಬಲಗಣ್ಣು ನಾನು, ಈ ಕೈಲಿ, ನನ್ನ ಮಗಳಿಗೆ. ಹುಬ್ಬು ಕೂಡ ನಂದೇ ಕೆಲಸ. ಆ ಗಡ್ಡದೋನ ಕಣ್ಣು ಕಮ್ಮಾರರ ಮನೆ ಅಜ್ಜಿ ಕೆರೆದದ್ದು, ಈ ಹುಡುಗನ ಕಣ್ಣು ಮೇಷ್ಟ್ರ ಮನೆ ಮುತ್ತಜ್ಜಿ. ಕಣ್ಣುನೋವಿಗೆ ಮದ್ದು ಅಂತ ಕುಡೀತಿದ್ರು. ನೀವೇ ನೋಡಿ, ಕೆಳಗಿನ ಸಾಲಿಗೆ ಮಾತ್ರ ಕಣ್ಣಿಲ್ಲ. ತುರ್ಕರು ಕುದುರೆ ಮೇಲೆ ಬಂದಿದ್ರೆ ಮೇಲಿನ ಸಾಲು ಬಿಟ್ಟು ಕೆಳಗಿನ ಸಾಲಿಗೆ ಯಾಕೆ ಬಗ್ತಾರೆ? ಇದು ಮಣೆ ಹತ್ತಿದ ಕುಳ್ಳ ಹೆಂಗಸರ ಅಳತೆ!"

ಸ್ಲಾವ್ಚೊ ಇದನ್ನು ಅನುವಾದಿಸಲಿಲ್ಲ. ನೆಜಾತಿಯೇ ತಮ್ಮವರಿಗೆ ತುರ್ಕಿಯಲ್ಲಿ ಹೇಳಿದರು. ಅರ್ಧ ಹೇಳುವ ಹೊತ್ತಿಗೆ ನಗು ಬಂತು, ಪೂರ್ತಿ ಹೇಳುವ ಹೊತ್ತಿಗೆ ಕಣ್ಣಲ್ಲಿ ನೀರು. ಬುರ್ಸಾದ ಹೆಂಗಸರು ಪೌನಾಳನ್ನು ಸುತ್ತುವರಿದು ತಬ್ಬಿಕೊಂಡರು. ಒಬ್ಬ ಹುಡುಗಿ ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡಳು. ಪೌನಾ ಬಸ್ಸಿಗೆ ಬಸ್ಸನ್ನೇ ತನ್ನ ಅಂಗಳಕ್ಕೆ ಕರೆದೊಯ್ದು, ಊರಲ್ಲಿದ್ದ ಪುಟ್ಟ ಬಟ್ಟಲುಗಳನ್ನೆಲ್ಲ ತರಿಸಿ ಕಾಫಿ ಕೊಟ್ಟಳು.

"ನಿಮ್ಮ ಕಾಫಿ ಬಹಳ ಚೆನ್ನಾಗಿದೆ" ಎಂದರು ನೆಜಾತಿ.

"ತುರ್ಕಿ ಕಾಫಿ ಅಂತೀವಿ ನಾವು. ಇದನ್ನೂ ನಿಮ್ಮ ಮೇಲೇ ಹೊರ್ಸಿದೀವಿ" ಎಂದಳು ಪೌನಾ.

ಬಸ್ಸು ಹೊರಟ ಮೇಲೆ ಪಾದ್ರಿ ಮೆಥೋದಿ ಅಡುಗೆಮನೆಗೆ ಬಂದರು. ಕೂರಲಿಲ್ಲ.

"ಬೀಗದ ಕೈ ಕೊಡು."

"ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲ! ಪರದೇಶದೋರ ಮುಂದೆ ನಮ್ಮ ಮಾನ ತೆಗೆದೆ. ನಮ್ಮ ಅಜ್ಜಿಯಂದಿರು ಸಂತರನ್ನ ತಿಂದ್ರು ಅಂತ ಹೇಳ್ತೀಯಾ?"

"ತಿನ್ನಲಿಲ್ಲ ಸ್ವಾಮಿ, ಕುಡಿದ್ರು. ನೀವು ಪ್ರತಿ ಭಾನುವಾರ ರೊಟ್ಟಿ, ವೈನು ಕೊಟ್ಟು ಏನಂತ ಹೇಳ್ತೀರಿ? ಅದಕ್ಕಿಂತ ಇದೇನು ದೊಡ್ಡದಾ?"

ಪಾದ್ರಿಯ ಮುಖ ಕೆಂಪೇರಿತು. ಪೌನಾ ಮೊಳೆಯಿಂದ ಬೀಗದ ಕೈ ತೆಗೆದು ಅವರ ಅಂಗೈಗೆ ಹಾಕಿದಳು. "ತಗೊಳ್ಳಿ. ಜೊತೆಗೆ ಪೊರಕೆ, ದೀಪದ ಎಣ್ಣೆ, ಗೋಪುರದ ಬಾವಲಿ ಎಲ್ಲಾ ನಿಮ್ದೇ."

ಪಾದ್ರಿ ಅದನ್ನು ಇಗರ್ಜಿಯ ಪಕ್ಕದ ಮನೆಯ ರಿಸ್ತೋ ಮೇಷ್ಟ್ರಿಗೆ ಒಪ್ಪಿಸಿದರು. ರಿಸ್ತೋ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು. ದೇವರಿಲ್ಲ ಎಂದು ಮೂವತ್ತು ವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಿದವರು. ಬಾಯಿ ಬಿಡದ ಮನುಷ್ಯ, ಅಷ್ಟು ಸಾಕು ಎನಿಸಿತು ಪಾದ್ರಿಗೆ.

ಪೌನಾ ಮೊದಲೆರಡು ದಿನ ಹಾಯಾಗಿದ್ದಳು. ಮೂರನೆಯ ದಿನ ಮೊಳೆ ನೋಡಿದರೆ ಸಾಕು, ಹಲ್ಲು ಬಿದ್ದ ಜಾಗವನ್ನು ನಾಲಿಗೆ ತಡಕಿದ ಹಾಗೆ ಆಗುತ್ತಿತ್ತು. ಅಷ್ಟರಲ್ಲಿ ಬುರ್ಸಾದ ಹುಡುಗಿಯ ವೀಡಿಯೋ ಫೋನಿಂದ ಫೋನಿಗೆ ಹಾರಿ ಬಿತೋಲಾಗೂ ಬಂತು. ಊರಿನವರು ಮಾನ ಹೋಯಿತೆಂದು ಗೊಣಗಿಕೊಂಡಿದ್ದರು. ಹೊರಗಿನವರ ಕಿವಿಗೆ ಬಿದ್ದದ್ದು ಬೇರೆಯೇ: ಡೊಲ್ನೊ ಸ್ಲಿವ್ಯೆಯಲ್ಲಿ ಕಣ್ಣುನೋವಿಗೆ ಮದ್ದಿದೆ, ಪೆಟ್ಕಾ ಮುಗಿದಿದ್ದಾಳೆ, ಬೇರೆ ಸಂತರು ಇನ್ನೂ ಮಿಕ್ಕಿದ್ದಾರೆ.

ಜನ ಬರತೊಡಗಿದರು. ಕಪ್ಪು ಕನ್ನಡಕದವರು, ಕಣ್ಣಿಗೆ ಹತ್ತಿ ಕಟ್ಟಿಕೊಂಡವರು, ಅಜ್ಜಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದ ಮೊಮ್ಮಕ್ಕಳು. ಕೈಚೀಲದಲ್ಲಿ ಉಗುರು ಉಜ್ಜುವ ಅರ. ರಿಸ್ತೋ ಮೇಷ್ಟ್ರು ಬಾಗಿಲು ತೆಗೆಯಲಾರದೆ, ಹಾಕಲಾರದೆ ಒದ್ದಾಡಿದರು.

ಒಂಬತ್ತನೆಯ ದಿನ ಭಾನುವಾರ. ಪೂಜೆಗೆಂದು ಒಳಗೆ ಹೋದ ಪೌನಾ ಅಭ್ಯಾಸದಂತೆ ಗೋಡೆಯ ಮೇಲೆ ಕಣ್ಣಾಡಿಸಿದಳು. ಎರಡನೆಯ ಸಾಲಿನಲ್ಲಿ ವೈದ್ಯ ಸಂತ ದಾಮ್ಯಾನ್ ನಿಂತಿದ್ದ, ಕೈಯಲ್ಲಿ ಮದ್ದಿನ ಪೆಟ್ಟಿಗೆ, ಚಮಚ. ಅಷ್ಟು ಎತ್ತರಕ್ಕೆ ಯಾವ ಅಜ್ಜಿಗೂ ಕೈ ಎಟುಕಿರಲಿಲ್ಲ. ಈಗ ಅವನ ಬಲಗಣ್ಣಿನ ಜಾಗದಲ್ಲಿ ಹೊಸ ಬಿಳಿ ಗುಳಿ. ಇದು ತನ್ನ ನಾಲಿಗೆಯ ಕೆಲಸ ಎಂದು ಅವಳಿಗೆ ಆ ಗಳಿಗೆಯಲ್ಲೇ ಗೊತ್ತಾಯಿತು. ನಲವತ್ತು ವರ್ಷ ಸುಮ್ಮನಿದ್ದು ಉಳಿಸಿದ್ದನ್ನು ಒಂದು ಬೆಳಗಿನ ಸತ್ಯ ನುಂಗಿಬಿಟ್ಟಿತ್ತು.

ಎರಡನೆಯ ಸಾಲಿಗೆ ಮಣೆ ಸಾಲದು, ಏಣಿ ಬೇಕು. ಏಣಿ ಇದ್ದದ್ದು ಒಬ್ಬರ ಮನೆಯಲ್ಲಿ. ಪೂಜೆ ಮುಗಿಯುವವರೆಗೂ ಕಾಯದೆ ಅವಳು ಎದ್ದು ರಿಸ್ತೋ ಮೇಷ್ಟ್ರ ಅಂಗಳಕ್ಕೆ ನುಗ್ಗಿದಳು. ಮೇಷ್ಟ್ರು ದ್ರಾಕ್ಷಿ ಚಪ್ಪರದ ಕೆಳಗೆ ಕೂತಿದ್ದರು.

"ಮೇಷ್ಟ್ರೇ, ದಾಮ್ಯಾನನ ಕಣ್ಣೆಲ್ಲಿ?"

"ಯಾವ ದಾಮ್ಯಾನ?"

"ನನ್ನ ಹತ್ರ ಆಟ ಬೇಡ. ಕೋಟಿನ ತೋಳು ನೋಡ್ಕೊಳ್ಳಿ, ಇನ್ನೂ ಗಾರೆ ಮೆತ್ಕೊಂಡಿದೆ. ಮೂವತ್ತು ವರ್ಷ ದೇವರಿಲ್ಲ ಅಂತ ಕಿರುಚಿ ಈಗ ಏಣಿ ಹಾಕಿ ಕದೀತೀರಾ? ಥೂ ನಿಮ್ಮ!"

ಮೇಷ್ಟ್ರು ತೋಳು ಒರೆಸಿಕೊಳ್ಳಲಿಲ್ಲ. ಮನೆಯ ಕಡೆ ಗದ್ದ ತಿರುಗಿಸಿದರು.

"ನನಗೆ ನಂಬಿಕೆ ಇಲ್ಲ ಪೌನಾ. ಈಗಲೂ ಇಲ್ಲ. ಆದ್ರೆ ದಾಫಿನಾ ದಿನಾ ಅಳ್ತಾಳೆ. ಸೂಜಿಗೆ ದಾರ ಪೋಣಿಸೋಕಾಗಲ್ಲ ಅಂತ ಅಳ್ತಾಳೆ. ನನ್ನ ಮುಖ ಹೊಗೆ ಥರ ಕಾಣತ್ತಂತೆ. ಆಸ್ಪತ್ರೆ ಅಂದ್ರೆ ಬಾಗಿಲು ಹಾಕ್ಕೋತಾಳೆ. ಆ ಪುಡಿ ತರ್ತೀರಾ ಇಲ್ವಾ ಅಂತ ಕೇಳಿದ್ಲು. ನಾನೇನ್ ಮಾಡ್ಲಿ, ನ್ಯೂಟನ್ನಿನ ನಿಯಮ ಹೇಳ್ಲಾ?"

ಪೌನಾಗೆ ತಾನು ಹತ್ತಿದ ಮಣೆ ನೆನಪಾಯಿತು. ಏಣಿಗೂ ಮಣೆಗೂ ಏನು ಮಹಾ ವ್ಯತ್ಯಾಸ? ಚಪ್ಪರದ ಕೆಳಗೆ ಕೂತು ಒಂದು ಸಿಗರೇಟು ಸೇದಿದಳು. ಮೇಷ್ಟ್ರಿಗೂ ಒಂದು ಕೊಟ್ಟಳು. ಆಮೇಲೆ ಒಳಗೆ ಹೋದಳು.

"ದಾಫಿನಾ, ಕುಡಿದ್ಯಾ?"

"ಕುಡಿದೆ. ಏನೂ ಆಗ್ಲಿಲ್ಲ ಕಣೇ ಪೌನಾ" ಎಂದಳು ದಾಫಿನಾ ಹಾಸಿಗೆಯ ಅಂಚಿನಿಂದ.

"ಹೇಗಾಗತ್ತೆ? ದಾಮ್ಯಾನ ವೈದ್ಯ ಕಣೇ. ಅವನು ಅರ್ಧ ಮಾಡ್ತಾನೆ, ಮಿಕ್ಕ ಅರ್ಧ ಅವನ ಕಸುಬಿನೋರೇ ಮಾಡ್ಬೇಕು. ನಮ್ಮತ್ತೆ ಹಂಗೇ ಹೇಳ್ತಿದ್ರು. ಪುಡಿ ಕುಡಿದು ಡಾಕ್ಟರ್ ಹತ್ರ ಹೋಗ್ದಿದ್ರೆ ದಾಮ್ಯಾನನಿಗೆ ಸಿಟ್ಟು ಬರತ್ತಂತೆ."

ವೆಲಿಕಾ ಬದುಕಿನಲ್ಲಿ ಒಮ್ಮೆಯೂ ಡಾಕ್ಟರ ಹೆಸರೆತ್ತಿದವಳಲ್ಲ. ಆದರೆ ಸತ್ತವರು ಬಂದು ಇಲ್ಲವೆನ್ನುವುದಿಲ್ಲ. ಮರುದಿನ ಪೌನಾ ದಾಫಿನಾಳನ್ನು ಬಸ್ಸಿನಲ್ಲಿ ಬಿತೋಲಾಗೆ ಕರೆದೊಯ್ದು, ಕಣ್ಣಿನ ಡಾಕ್ಟರ ಕೋಣೆಯ ಬಾಗಿಲು ಮುಚ್ಚುವವರೆಗೂ ಅವಳ ತೋಳು ಬಿಡಲಿಲ್ಲ. ಪೊರೆ ಬಂದಿದೆ ಎಂದರು. ಎರಡು ವಾರದಲ್ಲಿ ಒಂದು ಕಣ್ಣಿನ ಪೊರೆ ತೆಗೆದರು. ದಾಫಿನಾ ಮನೆಗೆ ಬಂದು ಗಂಡನ ಮುಖ ನೋಡಿ, "ಅಯ್ಯೋ ರಿಸ್ತೋ, ಎಷ್ಟು ಮುದುಕ ಆಗಿದೀರಿ!" ಎಂದು ಮತ್ತೆ ಅತ್ತಳು.

ಊರಲ್ಲಿ ಯಶಸ್ಸೆಲ್ಲ ದಾಮ್ಯಾನನ ಪಾಲಿಗೆ ಹೋಯಿತು. ಬರುವವರ ಸಂಖ್ಯೆ ಇಮ್ಮಡಿಯಾಯಿತು. ರಿಸ್ತೋ ಮೇಷ್ಟ್ರು ಬೀಗದ ಕೈಯನ್ನು ಪಾದ್ರಿಯ ಮುಂದೆ ಇಟ್ಟು ಕೈಮುಗಿದರು. ಪಾದ್ರಿ ಇನ್ನಾರನ್ನೋ ಕೇಳಿದರು, ಯಾರೂ ಒಪ್ಪಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅದು ಪೌನಾಳ ಕಿಟಕಿಯ ಹಲಗೆಯ ಮೇಲೆ, ಯಾರು ಇಟ್ಟರೆಂದು ಹೇಳುವವರಿಲ್ಲದೆ, ತಾನೇ ನಡೆದು ಬಂದಂತೆ ಕೂತಿತ್ತು.

ಈಗ ಪೌನಾಳ ಮುಂದೆ ಎರಡು ದಾರಿ. ಬಂದವರನ್ನೆಲ್ಲ ಪೊರಕೆ ಹಿಡಿದು ಓಡಿಸಬೇಕು. ಓಡಿಸಿದರೆ ಅವರು ಕಳ್ಳದಾರಿ ಹುಡುಕುತ್ತಾರೆ, ಇನ್ನೊಂದು ಕಣ್ಣು ಹೋಗುತ್ತದೆ. ಇಲ್ಲವೇ ಕೈಗೆ ಏನಾದರೂ ಕೊಡಬೇಕು. ಪೂರ್ತಿ ಒಂದು ದಿನ ಯೋಚಿಸಿದಳು. ಸಂಜೆ ಕೋಳಿಗಳಿಗೆ ಹಾಕಲೆಂದು ಕೂಡಿಟ್ಟ ಡಬ್ಬ ತೆಗೆದಾಗ ಅದರಲ್ಲಿ ಈಸ್ಟರ್ ಮೊಟ್ಟೆಗಳ ಚಿಪ್ಪು ಇತ್ತು. ಕೆಂಪು, ನೀಲಿ, ಹಳದಿ. ಒರಳಿಗೆ ಹಾಕಿ ಕುಟ್ಟಿದಳು. ಬಂದ ಪುಡಿ ನೋಡಿ ಅವಳೇ ಬೆರಗಾದಳು: ಥೇಟು ಬಣ್ಣದ ಗಾರೆಯ ಪುಡಿ! ಪಾದ್ರಿಯ ಆಶೀರ್ವಾದ ಬಿದ್ದ ಮೊಟ್ಟೆ ಬೇರೆ. ಇದಕ್ಕಿಂತ ಪವಿತ್ರ ಇನ್ನೇನು ಬೇಕು?

ಮರುದಿನದಿಂದ ಪೊಟ್ಟಣ ಕಟ್ಟತೊಡಗಿದಳು. ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಕೇಳುತ್ತಿದ್ದದ್ದು ಒಂದೇ.

"ಡಾಕ್ಟರ್ ಚೀಟಿ ಎಲ್ಲಿ?"

"ಚೀಟಿ ಯಾಕಜ್ಜಿ? ಡಾಕ್ಟರ್ ಬೇಡಾಂತಾನೇ ಇಲ್ಲಿಗೆ ಬಂದಿದ್ದು."

"ಚೀಟಿ ಇಲ್ದೆ ಕುಡಿದ್ರೆ ಈ ಪುಡಿ ಕಣ್ಣು ಬಿಟ್ಟು ಹೊಟ್ಟೆಗೆ ಹಿಡಿಯತ್ತೆ. ಕೆಳಗಿನ ಕೇರೀಲಿ ಒಬ್ಬಳು ಮೂರು ದಿನ ಕಕ್ಕಸು ಬಿಟ್ಟು ಏಳಲಿಲ್ಲ. ಹೋಗು, ಬಿತೋಲಾಗೆ ಹೋಗಿ ಕಣ್ಣು ತೋರ್ಸಿ, ಚೀಟಿ ತಗೊಂಡು ಬಾ. ಕಣ್ಣಿಗೆ ಹಾಕ್ಕೊಂಡೀಯ ಮತ್ತೆ! ಕುಡಿಯೋಕೆ ಮಾತ್ರ."

ಬೈದುಕೊಂಡು ಹೋದವರಲ್ಲಿ ಮುಕ್ಕಾಲು ಪಾಲು ಚೀಟಿ ಹಿಡಿದು ತಿರುಗಿ ಬಂದರು. ಜೂನ್ ಮುಗಿಯುವ ಹೊತ್ತಿಗೆ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ಪಾದ್ರಿ ಮೆಥೋದಿ ನಿಂತಿದ್ದರು. ಈ ಸಲ ಕೂತರು. ಪೌನಾ ಮುಂದಿಟ್ಟ ಅಂಜೂರದ ಪಾಕವನ್ನು ಚಮಚದಲ್ಲಿ ತಿಂದರು, ನೀರು ಕುಡಿದರು, ಹವೆಯ ಬಗ್ಗೆ ಮಾತಾಡಿದರು.

"ಅಮ್ಮನಿಗೆ ಕಣ್ಣು ಮಂಜಾಗಿದೆ" ಎಂದರು ಕೊನೆಗೆ, ಕಿಟಕಿಯ ಕಡೆ ನೋಡುತ್ತಾ. "ನಾನು ಹೇಳಿದ್ರೆ ಕೇಳಲ್ಲ. ನಿನ್ನ ಪೊಟ್ಟಣವೇ ಬೇಕಂತೆ."

"ಚೀಟಿ?"

"ನನಗೂ ಚೀಟಿ ಬೇಕಾ?"

"ನಿಮಗೆ ಎರಡು ಬೇಕು ಸ್ವಾಮಿ. ಒಂದು ಡಾಕ್ಟರದ್ದು. ಇನ್ನೊಂದು, ಇನ್ಮೇಲೆ ಈಟಿ ಕಥೆ ಹೇಳಲ್ಲ ಅಂತ ನೀವೇ ಬರ್ಕೊಡೋದು."

ಪಾದ್ರಿ ಬರೆದುಕೊಡಲಿಲ್ಲ. ಆದರೆ ಅಮ್ಮನನ್ನು ಬಿತೋಲಾಗೆ ಕರೆದೊಯ್ದರು. ಮುಂದಿನ ಬಸ್ಸು ಬಂದಾಗ ಕಣ್ಣಿನ ವಿಷಯಕ್ಕೆ, "ಪೌನಾನ್ನ ಕೇಳಿ" ಎಂದು ಹೇಳಿ ಗಡ್ಡ ನೀವಿಕೊಂಡು ಹೊರಗೆ ಹೋಗಿ ನಿಂತರು.

ಕಣ್ಣಿನ ಡಾಕ್ಟರ್ ಲೆಂಚೆ ಬಂದದ್ದು ಆಗಸ್ಟಿನಲ್ಲಿ. ಮೂವತ್ತೈದರ ಹೆಣ್ಣುಮಗಳು, ಒಬ್ಬಳೇ ಕಾರು ಓಡಿಸಿಕೊಂಡು ಬಂದಿದ್ದಳು.

"ಪೌನಜ್ಜಿ ಅಂದ್ರೆ ನೀವೇನಾ? ಎರಡು ತಿಂಗಳಿಂದ ಬೆಟ್ಟದ ಮೇಲಿನ ಊರುಗಳ ಅಜ್ಜಿಯರೆಲ್ಲ ನನ್ನ ಬಾಗಿಲಲ್ಲಿ ಸಾಲು ನಿಂತಿದಾರೆ. ಹತ್ತು ವರ್ಷ ಕರೆದ್ರೂ ಬರದೋರು. ಬಂದು, 'ಪೆಟ್ಕಮ್ಮನ ಚೀಟಿ ಕೊಡಿ' ಅಂತಾರೆ. ಏನಿದು?"

ಪೌನಾ ಸುಳ್ಳು ಹೇಳಲು ಒಂದು ಕ್ಷಣ ಯೋಚಿಸಿದಳು. ಆಮೇಲೆ ಡಬ್ಬ ತೆಗೆದು ತೋರಿಸಿದಳು. ಡಾಕ್ಟರ್ ಪುಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿ, "ಮೊಟ್ಟೆ ಚಿಪ್ಪು" ಎಂದಳು. ತುಟಿ ಕಚ್ಚಿಕೊಂಡಳು. "ಈಸ್ಟರ್ ಕಳೆದು ನಾಲ್ಕು ತಿಂಗಳಾಯ್ತಲ್ಲ ಅಜ್ಜಿ. ಮೊಟ್ಟೆ ಸಾಕಾಗ್ತಿದ್ಯಾ?"

"ಈಗ ಬಣ್ಣ ನಾನೇ ಹಾಕ್ತೀನಿ" ಎಂದಳು ಪೌನಾ ತಗ್ಗಿದ ದನಿಯಲ್ಲಿ.

ಡಾಕ್ಟರ್ ನಕ್ಕು ಸುಸ್ತಾಗಿ ಇಗರ್ಜಿ ತೋರಿಸಿ ಎಂದಳು. ಪೌನಾ ಕರೆದೊಯ್ದು, ಮೆಟ್ಟಿಲ ಮೇಲೆ ಎಡವಿ, ಬಾಗಿಲಿನ ಕಂಡಿಯನ್ನು ಬೆರಳಲ್ಲಿ ತಡಕಿ ಬೀಗದ ಕೈ ತೂರಿಸಿದಳು. ಡಾಕ್ಟರ್ ಅದನ್ನೇ ನೋಡುತ್ತಿದ್ದಳು. ಬಾಗಿಲಿನ ಬೆಳಕಿಗೆ ಅವಳ ಮುಖ ತಿರುಗಿಸಿ, ಚೀಲದಿಂದ ಪುಟ್ಟ ಟಾರ್ಚು ತೆಗೆದು ಕಣ್ಣಿಗೆ ಹಿಡಿದಳು.

"ಎರಡೂ ಕಣ್ಣಿಗೆ ಪೊರೆ. ಚೆನ್ನಾಗಿ ಬಲಿತಿದೆ. ಊರಿಗೆಲ್ಲ ಚೀಟಿ ಕೇಳೋ ನೀವು ಯಾಕೆ ಬರ್ಲಿಲ್ಲ?"

ಪೌನಾಗೆ ಉತ್ತರ ಗೊತ್ತಿತ್ತು, ಹೇಳಲು ನಾಚಿಕೆ. ಕಣ್ಣಿಗೆ ಚಾಕು ತಾಗಿಸುವುದೆಂದರೆ ಅವಳಿಗೆ ಭಯ. ಒಳಗೆ ಪೆಟ್ಕಾ ನಿಂತಿದ್ದಳು. ಆ ಕಡೆ ನೋಡದೆ, "ಮೆಣಸಿನಕಾಯಿ ಕಾಲ ಮುಗೀಲಿ" ಎಂದಳು.

ಮೆಣಸಿನಕಾಯಿ ಕಾಲ ಮುಗಿಯಿತು. ಅಕ್ಟೋಬರಿನಲ್ಲಿ ನೆವೆನ್ಕಾ ಬಂದು ಅಮ್ಮನನ್ನು ಕಾರಿಗೆ ತುಂಬಿದಳು. ದಾರಿಯುದ್ದಕ್ಕೂ ಪೌನಾ ಇಳಿಯುತ್ತೇನೆಂದು ಹಟ ಮಾಡಿದಳು. ಆಸ್ಪತ್ರೆಯ ವರಾಂಡದಲ್ಲಿ ದಾಫಿನಾ ಗಂಡನ ಜೊತೆ ಕೂತಿದ್ದಳು, ಮಡಿಲಲ್ಲಿ ಬಟ್ಟೆ ಸುತ್ತಿದ ಪಾಲಕ್ ಪಿಟ್ಟಾ, ಸೊಪ್ಪು ತುಂಬಿ ಬೇಯಿಸಿದ ಪದರ ರೊಟ್ಟಿ. "ಓಡಿಹೋಗ್ತೀಯ ಅಂತ ಕಾವಲಿಗೆ ಬಂದ್ವಿ" ಎಂದಳು. ಮೇಷ್ಟ್ರು ಮೇಲೆದ್ದು, ಕೆಮ್ಮಿ, ಯಾರಿಗೂ ಕಾಣದಂತೆ ಒಂದು ಪೊಟ್ಟಣ ಪೌನಾಳ ಕೈಗೆ ತುರುಕಿದರು. ಅವಳದೇ ಮೊಟ್ಟೆ ಚಿಪ್ಪು.

"ಮೇಷ್ಟ್ರೇ, ಇದರಲ್ಲಿ ಏನಿದೆ ಅಂತ ಗೊತ್ತಾ ನಿಮಗೆ?"

"ಕ್ಯಾಲ್ಸಿಯಂ ಕಾರ್ಬೊನೇಟ್. ಗೋಡೇಲೂ ಅದೇ ಇರೋದು. ಕುಡಿ" ಎಂದರು ಮೇಷ್ಟ್ರು.

ಪೌನಾ ಕುಡಿದಳು.

ಪಟ್ಟಿ ಬಿಚ್ಚಿ ಮನೆಗೆ ಬಂದಾಗ ಮೊದಲು ಕಂಡದ್ದು ತನ್ನ ಅಡುಗೆಮನೆ. ಜೇಡರ ಬಲೆ, ಒಲೆಯ ಹಿಂದಿನ ಜಿಡ್ಡು, ಗೋಡೆಯ ಕನ್ನಡಿಯಲ್ಲಿ ಯಾರೋ ಸುಕ್ಕು ಬಿದ್ದ ಹೆಂಗಸು. ಎರಡು ದಿನ ಯಾರನ್ನೂ ಮಾತಾಡಿಸದೆ ತಿಕ್ಕಿ ತೊಳೆದಳು. ಮೂರನೆಯ ದಿನ ಬೆಳಿಗ್ಗೆ ಇಗರ್ಜಿ ತೆರೆದಳು. ಕಿಟಕಿಯ ಬಿಸಿಲು ಬಡಗಣ ಗೋಡೆಗೆ ಬಿದ್ದಿತ್ತು. ನೀಲಿ ಇಷ್ಟು ನೀಲಿಯಾಗಿತ್ತೇ? ಪೆಟ್ಕಾಳ ನಿಲುವಂಗಿಯ ಅಂಚಿಗೆ ಹುರುಳಿಕಾಳಿನಷ್ಟು ಚಿಕ್ಕ ಬಿಳಿ ಹೂವುಗಳಿದ್ದವು. ಅದನ್ನು ಅವಳು ಮರೆತೇಬಿಟ್ಟಿದ್ದಳು. ಗುಳಿಗಳ ಮುಂದೆ ಸ್ವಲ್ಪ ಹೊತ್ತು ನಿಂತಳು. ಕ್ಷಮೆ ಗಿಮೆ ಕೇಳಲಿಲ್ಲ. "ನೀನು ಇನ್ನೂ ಚೆನ್ನಾಗೇ ಇದೀಯ ಕಣೇ" ಎಂದಳು.

ಹಾಗೇ ಕತ್ತೆತ್ತಿ ಮೇಲಿನ ಸಾಲು ನೋಡಿದಳು. ಗೋಪುರದ ಬುಡದಲ್ಲಿ ಎಂಟು ದೇವದೂತರು ರೆಕ್ಕೆ ಬಿಚ್ಚಿ ನಿಂತಿದ್ದರು. ಏಳು ಜನ ನೆಟ್ಟಗಿದ್ದರು. ಎಂಟನೆಯವನ ಒಂದು ಕಣ್ಣು ಸ್ವರ್ಗದ ಕಡೆಗೂ ಇನ್ನೊಂದು ಕಣ್ಣು ಪಕ್ಕದವನ ರೆಕ್ಕೆಯ ಕಡೆಗೂ ನೋಡುತ್ತಿತ್ತು. ಅಪ್ಪಟ ಮೆಳ್ಳೆಗಣ್ಣು. ಪೌನಾ ಕಣ್ಣುಜ್ಜಿಕೊಳ್ಳಲು ಹೋಗಿ, ಡಾಕ್ಟರ್ ಬೇಡ ಎಂದದ್ದು ನೆನಪಾಗಿ ಕೈ ಇಳಿಸಿದಳು. ಪ್ರೊಫೆಸರುಗಳು, ಬಿಷಪ್ಪರು, ಗೈಡುಗಳು, ಯಾರೂ ಇವನನ್ನು ನೋಡಿರಲಿಲ್ಲವೇ, ಇಲ್ಲ ನೋಡಿಯೂ ಮರ್ಯಾದೆಗೆ ಸುಮ್ಮನಿದ್ದರೇ? ಯಾವನೋ ಬಣ್ಣದವನು ಸಾಯಂಕಾಲದ ಮಬ್ಬಿನಲ್ಲಿ, ಎರಡು ಲೋಟ ರಕಿಯಾ ಸಾರಾಯಿ ಏರಿಸಿ, ಸಾರುವೆಯ ತುದಿಯಲ್ಲಿ ಕೂತು ಬರೆದಿರಬೇಕು. ಅವಳಿಗೆ ನಗು ತಡೆಯಲಾಗಲಿಲ್ಲ. ಆಸನದ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಸದ್ದಿಗೆ ಗೋಪುರದ ಬಾವಲಿಗಳು ಎದ್ದು ಒಂದು ಸುತ್ತು ಹಾರಿದವು.

ಹೊರಗೆ ಕಾರೊಂದು ನಿಂತ ಸದ್ದಾಯಿತು. ಯಾರೋ ಗೇಟಿನ ಬಳಿ ಕೂಗುತ್ತಿದ್ದರು.

"ಇಲ್ಲಿದೀನಿ, ಇಲ್ಲೇ ಬನ್ನಿ!" ಎಂದು ಪೌನಾ ಕಣ್ಣು ಒರೆಸದೆ ಕೂಗಿದಳು. "ಬೇಗ ಬನ್ನಿ, ನಿಮಗೊಬ್ಬನ್ನ ತೋರಿಸ್ಬೇಕು!"